ಪೈನಲ್ಲಿ ಓಡೋ ಕಾರ್ಡ್ ಟಿವಿ ಬಾಕ್ಸಲ್ಲಿ ಯಾಕೆ ಓಡಲ್ಲ, ಎರಡೂ ಆರ್ಮ್ ಅಲ್ವಾ?

ಪ್ರಶ್ನೆ: ನನ್ನ ಹತ್ರ ಹಳೇ ಆಂಡ್ರಾಯ್ಡ್ ಟಿವಿ ಬಾಕ್ಸ್ ಒಂದಿದೆ, ಅಮ್ಲಾಜಿಕ್ ಎಸ್905ಎಕ್ಸ್ ಚಿಪ್, 2 ಜಿಬಿ ರ್ಯಾಮ್, 16 ಜಿಬಿ ಇಎಂಎಂಸಿ (ಬೋರ್ಡಿಗೇ ಅಂಟಿರೋ ಸ್ಟೋರೇಜ್ ಚಿಪ್). ಫೈಲ್ ಸರ್ವರ್ ಮಾಡ್ಕೊಳ್ಳೋಣ ಅಂತ, ರಾಸ್ಬೆರಿ ಪೈ 4ರಲ್ಲಿ ಚೆನ್ನಾಗಿ ಓಡ್ತಿದ್ದ 64 ಬಿಟ್ ಲಿನಕ್ಸ್ ಕಾರ್ಡ್ ತೆಗ್ದು ಇದಕ್ಕೆ ಹಾಕಿದೆ. ಕಾರ್ಡ್ ಇದೆ ಅನ್ನೋದೇ ಗೊತ್ತಿಲ್ಲದ ಹಾಗೆ ಆಂಡ್ರಾಯ್ಡ್ ಬಂತು. ಆಮೇಲೆ ಇದೇ ಚಿಪ್ ಇರೋ ಬೇರೆ ಬಾಕ್ಸಿಗೆ ಅಂತ ಯಾರೋ ಮಾಡಿದ್ದ ಇಮೇಜ್ ಹಾಕಿದೆ, ಬೂಟ್ ಆಯ್ತು. ಎಚ್‌ಡಿಎಂಐ, ಈಥರ್ನೆಟ್ ಸರಿ ಇದೆ, ವೈಫೈ ಮಾತ್ರ ಇಲ್ವೇ ಇಲ್ಲ, ಮತ್ತೆ ಯಾವಾಗ್ಲೋ ಒಂದ್ ಸಲ ಇದ್ದಕ್ಕಿದ್ದ ಹಾಗೆ ಫ್ರೀಜ್ ಆಗತ್ತೆ. ಲ್ಯಾಪ್‌ಟಾಪ್ ಆದ್ರೆ ಯಾವ ಕಂಪನೀದಾದ್ರೂ ಒಂದೇ ಪೆನ್‌ಡ್ರೈವಲ್ಲಿ ಲಿನಕ್ಸ್ ಹಾಕ್ತೀವಿ. ಇಲ್ಲಿ ಕಂಪನಿಯವರು ಬೇಕಂತಲೇ ಹೀಗ್ ಮಾಡಿದಾರಾ? ನಾನೇ ಕರ್ನಲ್ (ಲಿನಕ್ಸಿನ ತಿರುಳು ಭಾಗ) ಕಂಪೈಲ್ ಮಾಡ್ಕೊಂಡ್ರೆ ಸರಿ ಹೋಗತ್ತಾ? ಇಎಂಎಂಸಿಗೆ ಬರೆದ್ರೆ ಬಾಕ್ಸ್ ಸತ್ತೋಗತ್ತಾ? ಒಂದು ಹಳೇ ಫೋನ್ ಕೂಡ ಇದೆ, ಅದಕ್ಕೂ ಹಾಕ್ಬೋದಾ?

ಉತ್ತರ:

ನಿಮ್ಮ ಪ್ರಶ್ನೆ ಓದಿ ಖುಷಿಯಾಯ್ತು, ಯಾಕಂದ್ರೆ ಏನೇನು ಓಡ್ತು ಏನೇನು ಓಡ್ಲಿಲ್ಲ ಅಂತ ಬಿಡಿಸಿ ಬರೆದಿದೀರ. ಬಹಳ ಜನ "ಬೂಟ್ ಆಗ್ತಿಲ್ಲ ಸಾರ್" ಅಂತ ಒಂದೇ ಸಾಲಲ್ಲಿ ಕೇಳ್ತಾರೆ, ಅದಕ್ಕೆ ಉತ್ತರ ಹೇಳೋದು ಕತ್ತಲಲ್ಲಿ ಬಾಣ ಬಿಟ್ಟ ಹಾಗೆ. ನೀವು ಹೇಳಿದ್ರಲ್ಲಿ ಎರಡು ಬೇರೆ ಬೇರೆ ಸಮಸ್ಯೆ ಇವೆ. ಪೈ ಕಾರ್ಡ್ ಶುರುನೇ ಆಗದೆ ಇದ್ದದ್ದು ಒಂದು, ಎರಡನೇ ಇಮೇಜ್ ಅರ್ಧಂಬರ್ಧ ಓಡ್ತಿರೋದು ಇನ್ನೊಂದು. ಎರಡಕ್ಕೂ ಮೂಲ ಒಂದೇ: ಆರ್ಮ್ ಅನ್ನೋದು ಸಿಪಿಯು ಅರ್ಥ ಮಾಡ್ಕೊಳ್ಳೋ ಆಜ್ಞೆಗಳ ಹೆಸರು, ಒಂದು ಕಂಪ್ಯೂಟರಿನ ಹೆಸರಲ್ಲ.

ಸ್ವಲ್ಪ ಬಿಡಿಸಿ ಹೇಳ್ತೀನಿ. ನಿಮ್ಮ ಬಾಕ್ಸಲ್ಲಿರೋದು ಕಾರ್ಟೆಕ್ಸ್ ಎ53 ಕೋರ್, ಪೈ 4ರಲ್ಲಿರೋದು ಎ72, ಎರಡೂ 64 ಬಿಟ್ ಆರ್ಮ್‌ವಿ8, ಹಾಗಾಗಿ ಅಲ್ಲಿ ಕಂಪೈಲ್ ಆದ ಸಾಧಾರಣ ಪ್ರೋಗ್ರಾಂ ಇಲ್ಲೂ ಓಡತ್ತೆ, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಆ ಕೋರ್ ಸುತ್ತ ಇರೋದೆಲ್ಲ, ಅಂದ್ರೆ ಸೀರಿಯಲ್ ಪೋರ್ಟ್ ಯಾವ ವಿಳಾಸದಲ್ಲಿದೆ, ಯಾವ ಕ್ಲಾಕ್ ಯಾವುದಕ್ಕೆ ಹೋಗತ್ತೆ, ಯಾವ ಪಿನ್ ಎಳೆದ್ರೆ ವೈಫೈ ಚಿಪ್ಪಿಗೆ ಕರೆಂಟ್ ಬರತ್ತೆ, ಎಚ್‌ಡಿಎಂಐ ಬ್ಲಾಕ್ ಯಾರು ಡಿಸೈನ್ ಮಾಡಿದ್ದು, ಇದೆಲ್ಲ ಪ್ರತಿ ಚಿಪ್ ಕಂಪನಿ ತನಗೆ ಬೇಕಾದ ಹಾಗೆ ಇಟ್ಕೊಂಡಿರತ್ತೆ, ಆಮೇಲೆ ಬೋರ್ಡ್ ಮಾಡೋರು ಅದ್ರ ಮೇಲೆ ತಮ್ಮದೊಂದಷ್ಟು ಬದಲಾಯಿಸ್ತಾರೆ. ಪಿಸೀಲಿ ಹಾಗಲ್ಲ. ಪಿಸಿಐ ಬಸ್ಸಲ್ಲಿ ಕೂತಿರೋ ಪ್ರತಿ ಸಾಧನ "ನಾನು ಇಂಥ ಕಂಪನಿಯ ಇಂಥ ಮಾಡೆಲ್" ಅಂತ ಐಡಿ ನಂಬರ್ ತಾನೇ ಹೇಳತ್ತೆ, ಉಳಿದದ್ದನ್ನ ಯುಇಎಫ್‌ಐ ಅನ್ನೋ ಫರ್ಮ್‌ವೇರ್ ಮತ್ತು ಎಸಿಪಿಐ ಅನ್ನೋ ಹಾರ್ಡ್‌ವೇರ್ ವಿವರದ ಟೇಬಲ್ ಹೇಳತ್ತೆ. ನಿಮ್ಮ ಪೆನ್‌ಡ್ರೈವ್ ಎಲ್ಲಾ ಲ್ಯಾಪ್‌ಟಾಪಲ್ಲೂ ಓಡೋದು ಅದಕ್ಕೇ. ಸಣ್ಣ ಆರ್ಮ್ ಬೋರ್ಡಲ್ಲಿ ಕೇಳಿದ್ರೆ ಹೇಳೋರು ಯಾರೂ ಇಲ್ಲ. ಕರ್ನಲ್‌ಗೆ ಮೊದ್ಲೇ ಒಂದು ನಕ್ಷೆ ಕೈಗೆ ಕೊಡ್ಬೇಕು. ಆ ನಕ್ಷೆನೇ ಡಿವೈಸ್ ಟ್ರೀ.

ಇದು ಮೊದ್ಲಿಂದ ಹೀಗಿರ್ಲಿಲ್ಲ. ಮುಂಚೆ ಪ್ರತಿ ಬೋರ್ಡಿಗೂ ಕರ್ನಲ್ ಒಳಗೇ ಒಂದು ಸಿ ಫೈಲ್ ಇರ್ತಿತ್ತು, ಬೋರ್ಡ್ ಫೈಲ್ ಅಂತಿದ್ರು, ಬೂಟ್‌ಲೋಡರ್ (ಕರ್ನಲನ್ನ ಎತ್ತಿ ಓಡಿಸೋ ಸಣ್ಣ ಪ್ರೋಗ್ರಾಂ) ಒಂದು ಮಷಿನ್ ನಂಬರ್ ಕೊಡ್ತಿತ್ತು, ಕರ್ನಲ್ ಆ ನಂಬರ್ ನೋಡಿ ಆ ಫೈಲ್ ಓಡಿಸ್ತಿತ್ತು. ಬೋರ್ಡುಗಳು ನೂರಾರು ಆದಾಗ ಆ ಕೋಡ್ ವಿಪರೀತ ಬೆಳೀತು, 2011ರ ಮಾರ್ಚ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಮೇಲಿಂಗ್ ಲಿಸ್ಟಲ್ಲಿ ಆರ್ಮ್ ಕಡೆಯವರ ಮೇಲೆ ಬಹಿರಂಗವಾಗೇ ಸಿಟ್ಟಾದ್ರು. ಅದಾದ್ ಮೇಲೆ ಪವರ್‌ಪಿಸಿ, ಸ್ಪಾರ್ಕ್ ಕಡೆ ಮೊದಲಿಂದ ಇದ್ದ ಡಿವೈಸ್ ಟ್ರೀ ಪದ್ಧತಿಯನ್ನ ಆರ್ಮಿಗೂ ತರೋ ಕೆಲಸ ಜೋರಾಗಿ ನಡೀತು. 2012ರ ಡಿಸೆಂಬರಲ್ಲಿ ಬಂದ 3.7 ಕರ್ನಲ್‌ನಲ್ಲಿ ಒಂದೇ ಕರ್ನಲ್ ಹಲವು ಕಂಪನಿಗಳ ಆರ್ಮ್ ಚಿಪ್ ಮೇಲೆ ಓಡೋ ವ್ಯವಸ್ಥೆ ಬಂತು, 64 ಬಿಟ್ ಆರ್ಮ್ ಬೆಂಬಲ ಸೇರಿದ್ದೂ ಅದೇ 3.7ರಲ್ಲೇ. ಹಾಗಾಗಿ "ಕರ್ನಲ್ ನಾನೇ ಕಂಪೈಲ್ ಮಾಡ್ಲಾ" ಅನ್ನೋ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಿಮ್ಮ ಬಾಕ್ಸಿಗೆ, ಪೈಗೆ, ರಾಕ್‌ಚಿಪ್ ಬೋರ್ಡಿಗೆ ಒಂದೇ ಕರ್ನಲ್ ಇಮೇಜ್ ಸಾಕು. ಕೊರತೆ ಇರೋದು ನಕ್ಷೇಲಿ, ಕರ್ನಲ್‌ಗಿಂತ ಮೊದ್ಲು ಓಡೋ ಫರ್ಮ್‌ವೇರಲ್ಲಿ, ಮತ್ತೆ ಕೆಲವು ಸಲ ಡ್ರೈವರಲ್ಲಿ. ರಾತ್ರಿಯೆಲ್ಲ ಕೂತು ಕಂಪೈಲ್ ಮಾಡಿದ್ರೂ ತಪ್ಪು ಡಿಟಿಬಿ (ಡಿವೈಸ್ ಟ್ರೀ ನಕ್ಷೆಯ ಕಂಪೈಲ್ ಆದ ಫೈಲ್) ಕೊಟ್ರೆ ಅದೇ ಹಣೆಬರಹ.

ಈಗ ಪೈ ಕಾರ್ಡ್ ಕಥೆ. ಕರೆಂಟ್ ಬಂದ ತಕ್ಷಣ ಓಡೋದು ಚಿಪ್ ಒಳಗೇ ಕೆತ್ತಿರೋ ಬೂಟ್ ರೋಮ್, ಅದನ್ನ ಯಾರೂ ಬದಲಾಯಿಸೋಕಾಗಲ್ಲ. ಅದು ಕಾರ್ಡಲ್ಲಿ ಎಲ್ಲಿ ಹುಡುಕತ್ತೆ ಅನ್ನೋದು ಕಂಪನಿಗೊಂದು ರೀತಿ. ಅಮ್ಲಾಜಿಕ್ ಚಿಪ್ 512ನೇ ಬೈಟಿಂದ ಬೂಟ್‌ಲೋಡರ್ ಇರ್ಬೇಕು ಅನ್ನತ್ತೆ, ಆಲ್‌ವಿನ್ನರ್ 8 ಕೆಬಿಯಿಂದ, ರಾಕ್‌ಚಿಪ್ 32 ಕೆಬಿಯಿಂದ. ಪೈ ಅಂತೂ ಬೇರೇನೇ, ಅಲ್ಲಿ ಆರ್ಮ್ ಕೋರ್ ಏಳೋಕೆ ಮುಂಚೆ ವಿಡಿಯೋಕೋರ್ ಜಿಪಿಯು ಎದ್ದು, ಪೈ 4 ಆದ್ರೆ ಬೋರ್ಡ್ ಮೇಲಿನ ಈಈಪ್ರಾಮ್ ಅನ್ನೋ ಪುಟ್ಟ ಮೆಮೊರಿ ಚಿಪ್ಪಿಂದ ಬೂಟ್‌ಲೋಡರ್ ಓದಿ, ಆಮೇಲೆ ಕಾರ್ಡಿನ ಫ್ಯಾಟ್ ಪಾರ್ಟಿಷನ್ನಲ್ಲಿರೋ ಫೈಲ್ ತಗೊಳತ್ತೆ. ಹಾಗಾಗಿ ಪೈ ಕಾರ್ಡಲ್ಲಿ ನಿಮ್ಮ ಬಾಕ್ಸ್ ಹುಡುಕೋ ಜಾಗದಲ್ಲಿ ಏನೂ ಇರಲ್ಲ, ಮೇಲಾಗಿ ಇಂಥ ಬಾಕ್ಸುಗಳು ಸಾಮಾನ್ಯವಾಗಿ ಇಎಂಎಂಸಿನೇ ಮೊದ್ಲು ನೋಡೋದು. ಕಾರ್ಡ್ ಹಾಳಾಗಿದೆ ಅಂತ ಅಂದ್ಕೋಬೇಡಿ, ಅಲ್ಲಿಗೆ ಕಂಟ್ರೋಲ್ ಬಂದೇ ಇಲ್ಲ.

ಎರಡನೇ ಇಮೇಜ್ ಓಡಿದ್ದು ಯಾಕೆ? ಎಸ್905ಎಕ್ಸ್‌ಗೆ ಅಮ್ಲಾಜಿಕ್‌ನವರದ್ದು ಪಿ212 ಅಂತ ಒಂದು ಮಾದರಿ ಬೋರ್ಡ್ ಇದೆ, ಬಹಳಷ್ಟು ಬಾಕ್ಸ್ ಅದನ್ನೇ ನೋಡ್ಕೊಂಡು ಮಾಡಿರ್ತಾರೆ, ಅದ್ರ ಡಿವೈಸ್ ಟ್ರೀ ಮೇನ್‌ಲೈನ್ ಕರ್ನಲ್ (ಲಿನಸ್ ಕಡೆಯಿಂದ ಬರೋ ಅಧಿಕೃತ ಕರ್ನಲ್) ಒಳಗಿದೆ. ಈಥರ್ನೆಟ್ ತಂತಿಯ ಸಿಗ್ನಲ್ ನೋಡ್ಕೊಳ್ಳೋ ಪಿಎಚ್‌ವೈ ಭಾಗ ಈ ಚಿಪ್ಪಲ್ಲಿ ಒಳಗೇ ಇದೆ, ಎಚ್‌ಡಿಎಂಐ ಕೂಡ ಚಿಪ್ಪಿನ ಒಳಗಿನ ಬ್ಲಾಕ್, ಹಾಗಾಗಿ ಬೋರ್ಡ್ ಬೇರೆ ಆದ್ರೂ ಅವೆರಡು ಓಡ್ತವೆ. ವೈಫೈ ಹಾಗಲ್ಲ, ಅದು ಹೊರಗಿನ ಬೇರೆ ಚಿಪ್, ಎಸ್‌ಡಿಐಓ ಅನ್ನೋ (ಎಸ್‌ಡಿ ಕಾರ್ಡ್ ಥರದ) ತಂತಿಯಲ್ಲಿ ಕೂತಿರತ್ತೆ. ಎಸ್‌ಡಿಐಓದಲ್ಲಿ ಐಡಿ ಓದೋಕೇನೋ ಬರತ್ತೆ, ಆದ್ರೆ ಮೊದ್ಲು ಅದು ಎದ್ದಿರ್ಬೇಕಲ್ಲ, ಅದಕ್ಕೆ ಸರಿಯಾದ ಜಿಪಿಐಓ ಪಿನ್ (ಸಾಫ್ಟ್‌ವೇರಿಂದ ಆನ್ ಆಫ್ ಮಾಡೋ ಪಿನ್) ಎತ್ತಿ ರಿಸೆಟ್ ಬಿಡಿಸ್ಬೇಕು, ಜೊತೆಗೆ 32,768 ಹರ್ಟ್ಸ್‌ನ ಒಂದು ನಿಧಾನದ ಕ್ಲಾಕ್ ಕೊಡ್ಬೇಕು. ಪಿ212 ನಕ್ಷೆಯಲ್ಲಿ ಆ ಕ್ಲಾಕನ್ನ ಒಂದು ಪಿಡಬ್ಲ್ಯೂಎಂ ಪಿನ್ನಿಂದ (ಒಂದೇ ಸಮನೆ ಆನ್ ಆಫ್ ಆಗೋ ಪಿನ್) ಹುಟ್ಟಿಸ್ತಾರೆ. ನಿಮ್ಮ ಬೋರ್ಡ್ ಮಾಡಿದೋರು ರಿಸೆಟ್ ಪಿನ್ ಬದಲಾಯಿಸಿದ್ರೆ ಚಿಪ್ ನಿದ್ದೇಲೇ ಇರತ್ತೆ, ಲಾಗಲ್ಲಿ ಅದ್ರ ಸುಳಿವೇ ಸಿಗಲ್ಲ. ಇನ್ನೊಂದು ಸಾಧ್ಯತೆನೂ ಇದೆ, ಒಂದೇ ಮಾಡೆಲ್ ಹೆಸರಲ್ಲಿ ಒಂದು ಲಾಟಿಗೆ ಒಂದು ವೈಫೈ ಚಿಪ್, ಮುಂದಿನ ಲಾಟಿಗೆ ಯಾವುದು ಸಿಕ್ತೋ ಅದು ಹಾಕಿರ್ತಾರೆ, ಅದ್ರಲ್ಲಿ ಕೆಲವಕ್ಕೆ ಮೇನ್‌ಲೈನ್ ಡ್ರೈವರೇ ಇಲ್ಲ. ಬಾಕ್ಸ್ ಬಿಚ್ಚಿ ಚಿಪ್ ಮೇಲಿನ ಅಕ್ಷರ ಓದದೆ ಇದನ್ನ ಹೇಳೋಕಾಗಲ್ಲ. ಬ್ರಾಡ್‌ಕಾಮ್ ಚಿಪ್ ಆಗಿದ್ರೆ ಡ್ರೈವರ್, ಫರ್ಮ್‌ವೇರ್ ಎರಡಿದ್ರೂ ಸಾಲಲ್ಲ, ಆ ಬೋರ್ಡಿಗೇ ಹೊಂದೋ ಎನ್‌ವಿರ್ಯಾಮ್ ಅನ್ನೋ ಟೆಕ್ಸ್ಟ್ ಫೈಲ್ ಬೇಕು, ಅದು ನಿಮ್ಮ ಆಂಡ್ರಾಯ್ಡ್ ಪಾರ್ಟಿಷನ್ ಒಳಗೇ ಇರತ್ತೆ, ಅಳಿಸೋ ಮುಂಚೆ ತೆಗ್ದಿಟ್ಕೊಳ್ಳಿ.

ಫ್ರೀಜ್ ಆಗೋದು ನನಗೆ ವೈಫೈಗಿಂತ ಹೆಚ್ಚು ಯೋಚನೆ ತಂದ ವಿಷಯ. ಬಿಸಿ ಜಾಸ್ತಿಯಾಗಿ ಇರ್ಬೋದು, ಪವರ್ ಅಡಾಪ್ಟರ್ ಸೊರಗಿರ್ಬೋದು, ಅವೆರಡನ್ನ ಮೊದ್ಲು ನೋಡಿ. ಅದಲ್ಲ ಅಂದ್ರೆ ಮೆಮೊರಿ ನೋಡ್ಬೇಕು. ಈ ಚಿಪ್ಪುಗಳಲ್ಲಿ ಲಿನಕ್ಸ್ ಜೊತೆಗೇ ಅದಕ್ಕೆ ಕಾಣದ ಹಾಗೆ ಸೆಕ್ಯೂರ್ ಫರ್ಮ್‌ವೇರ್ ಒಂದು ರ್ಯಾಮಲ್ಲಿ ಕೂತಿರತ್ತೆ, ಆ ಜಾಗ ಮುಟ್ಬೇಡ ಅಂತ ಡಿವೈಸ್ ಟ್ರೀಲಿ ಬರೆದಿರ್ಬೇಕು. ಮೇನ್‌ಲೈನಲ್ಲಿ ಈ ಕುಟುಂಬದ ಚಿಪ್ಪಿಗೆ ಮೊದಲ 16 ಎಂಬಿ, ಮತ್ತೆ ಬೇರೆ ಕಡೆ 2 ಎಂಬಿ ಹೀಗೆ ಕಾದಿರಿಸಿದಾರೆ. ನಿಮ್ಮ ಬಾಕ್ಸಿನ ಫರ್ಮ್‌ವೇರ್ ನಕ್ಷೇಲಿ ಇಲ್ಲದ ಜಾಗದಲ್ಲಿ ಕೂತಿದ್ರೆ ಲಿನಕ್ಸ್ ಅದನ್ನ ಖಾಲಿ ಜಾಗ ಅಂತ ತಿಳ್ಕೊಂಡು ಯಾವುದೋ ಪ್ರೋಗ್ರಾಮಿಗೆ ಕೊಡತ್ತೆ, ಅದು ಅಲ್ಲಿ ಬರೆಯೋಕೆ ಹೋದ ಕ್ಷಣ ಮಷಿನ್ ನಿಂತೋಗತ್ತೆ. ಒಂದು ದಿನ ಹತ್ತು ನಿಮಿಷಕ್ಕೆ, ಇನ್ನೊಂದು ದಿನ ಆರು ಗಂಟೆಗೆ, ಲೆಕ್ಕಾನೇ ಸಿಗಲ್ಲ. ಪರೀಕ್ಷೆ ಮಾಡೋದು ಸುಲಭ, ರ್ಯಾಮ್ ಪೂರ್ತಿ ತುಂಬೋ ಹಾಗೆ ಮೆಮೊರಿ ಟೆಸ್ಟ್ ಓಡಿಸಿ, ಅದೇ ಕಾರಣ ಆಗಿದ್ರೆ ಬೇಗ ಬೀಳತ್ತೆ.

ನಾನು ಇದನ್ನೆಲ್ಲ ಪುಸ್ತಕ ಓದಿ ಹೇಳ್ತಿಲ್ಲ. ಕೆಲಸದಲ್ಲಿ ಒಂದ್ ಸಲ ಒಂದು ಹೊಸ ಬೋರ್ಡ್ ಎಬ್ಬಿಸ್ಬೇಕಿತ್ತು, ಯು-ಬೂಟ್ ಅನ್ನೋ ಬೂಟ್‌ಲೋಡರ್ ಬರ್ತಿತ್ತು, "ಸ್ಟಾರ್ಟಿಂಗ್ ಕರ್ನಲ್" ಅಂತ ಸಾಲು ಬರ್ತಿತ್ತು, ಆಮೇಲೆ ಕರ್ನಲ್ ಸಾಲುಗಳು ಸರಸರ ಓಡಿ ಸರಿಯಾಗಿ ಎರಡನೇ ಸೆಕೆಂಡಿಗೆ ಸ್ತಬ್ಧ. ಎರರ್ ಇಲ್ಲ, ಪ್ಯಾನಿಕ್ ಇಲ್ಲ, ಕರ್ಸರ್ ಮಾತ್ರ ಅಲ್ಲೇ ನಿಂತಿರ್ತಿತ್ತು. ನಾಲ್ಕು ದಿನ ಡಿಸ್‌ಪ್ಲೇ ಡ್ರೈವರ್ ಮೇಲೆ ಅನುಮಾನ ಪಟ್ಟು ಅದನ್ನೇ ಕೆದಕ್ತಿದ್ವಿ. ಕೊನೆಗೆ ಬೂಟ್ ಪ್ಯಾರಾಮೀಟರಿಗೆ ಸಿಎಲ್‌ಕೆ ಇಗ್ನೋರ್ ಅನ್‌ಯೂಸ್ಡ್ ಅಂತ ಸೇರಿಸಿದ್ರೆ ಲಾಗಿನ್ ಪ್ರಾಂಪ್ಟ್ ಬಂತು! ಆಗಿದ್ದೇನಂದ್ರೆ, ಬೂಟ್ ಕೊನೇಲಿ ಕರ್ನಲ್ "ಯಾವ ಕ್ಲಾಕನ್ನ ಯಾರೂ ಕೇಳಿಲ್ವೋ ಅದನ್ನ ಆಫ್ ಮಾಡೋಣ" ಅಂತ ಕರೆಂಟ್ ಉಳಿಸೋಕೆ ಹೋಗತ್ತೆ, ಚಿಪ್ ಒಳಗಿನ ಮುಖ್ಯ ಬಸ್ಸಿನ ಕ್ಲಾಕನ್ನ ಬೂಟ್‌ಲೋಡರ್ ಆನ್ ಮಾಡಿಟ್ಟಿತ್ತು, ಆದ್ರೆ ನಮ್ಮ ಡಿವೈಸ್ ಟ್ರೀಲಿ ಅದು ಬೇಕು ಅಂತ ಯಾರೂ ಬರೆದಿರ್ಲಿಲ್ಲ. ಒಂದು ಸಾಲು ಸೇರಿಸಿದ್ವಿ, ಮುಗೀತು. ಆ ಕ್ಲಾಕಿನ ವಿಷಯ ಚಿಪ್ ಕಂಪನಿ ಕೊಟ್ಟ ದಾಖಲೇಲಿ ಒಂದೇ ಒಂದು ಪದನೂ ಇರ್ಲಿಲ್ಲ.

ಹಾಗಾದ್ರೆ ಕಂಪನಿಗಳು ಬೇಕಂತಲೇ ಮಾಡ್ತಾರಾ? ಅರ್ಧ ಹೌದು, ಅರ್ಧ ಅಲ್ಲ. ಕೆಲವು ಸಾಧನಗಳಲ್ಲಿ ಕಂಪನಿಯ ಕೀ ಗುರುತನ್ನ ಚಿಪ್ಪಿನ ಫ್ಯೂಸಲ್ಲಿ ಸುಟ್ಟಿರ್ತಾರೆ, ಅವರ ಸಹಿ ಇಲ್ಲದ ಬೂಟ್‌ಲೋಡರ್ ಓಡೋದೇ ಇಲ್ಲ, ಫ್ಯೂಸ್ ಸುಟ್ಟ ಮೇಲೆ ವಾಪಸ್ ಬರೋ ದಾರಿ ಇಲ್ಲ. ಅದು ಬೇಕಂತಲೇ ಮಾಡಿದ್ದು. ಆದ್ರೆ ಹೆಚ್ಚಿನ ಕಡೆ ಬರೀ ನಿರ್ಲಕ್ಷ್ಯ. ಚಿಪ್ ಕಂಪನಿ ಯಾವುದೋ ಒಂದು ಕರ್ನಲ್ ವರ್ಷನ್ ಹಿಡ್ಕೊಂಡು ಅದ್ರ ಮೇಲೆ ತನ್ನ ಸಾವಿರಾರು ಬದಲಾವಣೆ ಸುರಿದು, ಬಿಎಸ್‌ಪಿ ಅಂತ ಒಂದು ಗಂಟು ಕಟ್ಟಿ ಬಾಕ್ಸ್ ಮಾಡೋರಿಗೆ ಕೊಡತ್ತೆ, ಬಾಕ್ಸ್ ಮಾರಾಟ ಆದ್ ಮೇಲೆ ಮುಂದಿನ ಚಿಪ್ಪಿಗೆ ಹೋಗತ್ತೆ. ನಿಮ್ಮ ಬಾಕ್ಸಿನ ಆಂಡ್ರಾಯ್ಡಲ್ಲಿ ಕರ್ನಲ್ ವರ್ಷನ್ ನೋಡಿ, 3.14 ಅಥವಾ 4.9 ಇರೋ ಸಾಧ್ಯತೆ ಹೆಚ್ಚು, 3.14 ಬಿಡುಗಡೆ ಆಗಿದ್ದು 2014ರಲ್ಲಿ. ಕರ್ನಲ್ ಜಿಪಿಎಲ್ ಲೈಸೆನ್ಸಲ್ಲಿದೆ, ಸಾಧನ ಮಾರಿದೋರು ಕೇಳಿದೋರಿಗೆ ಸೋರ್ಸ್ ಕೊಡ್ಬೇಕು, ಆದ್ರೂ ಬಹಳ ಜನ ಕೊಡಲ್ಲ, ಕೊಟ್ರೂ ಕಂಪೈಲ್ ಆಗದೇ ಇರೋ ಅರ್ಧ ಸೋರ್ಸ್ ಕೊಡ್ತಾರೆ. ಚೆನ್ನಾಗಿರೋ ಹಾರ್ಡ್‌ವೇರ್ ನಾಲ್ಕೈದು ವರ್ಷಕ್ಕೆ ಕಸ ಆಗೋದು ನೋಡಿದ್ರೆ ನಿಜವಾಗ್ಲೂ ಹೊಟ್ಟೆ ಉರಿಯತ್ತೆ. ಈ ಅಮ್ಲಾಜಿಕ್ ಚಿಪ್ಪುಗಳ ಬೆಂಬಲವನ್ನ ಬೇಲಿಬ್ರೆ ಅನ್ನೋ ಸಂಸ್ಥೆಯ ಎಂಜಿನಿಯರುಗಳು, ಜೊತೆಗೆ ಎಷ್ಟೋ ಸ್ವಯಂಸೇವಕರು ಕೂತು ಮೇನ್‌ಲೈನಿಗೆ ಸೇರಿಸಿದಾರೆ, ಇವತ್ತು ನಿಮ್ಮ ಇಮೇಜ್ ಬೂಟ್ ಆಗ್ತಿರೋದು ಅವರ ಶ್ರಮದಿಂದ. ಗ್ರಾಫಿಕ್ಸೂ ಅಷ್ಟೇ, ನಿಮ್ಮ ಚಿಪ್ಪಲ್ಲಿರೋ ಮಾಲಿ 450ಗೆ ಲಿಮಾ ಅನ್ನೋ ಮುಕ್ತ ಡ್ರೈವರ್ 2019ರಲ್ಲಿ 5.2 ಕರ್ನಲ್‌ಗೆ ಬಂತು, ಅದಕ್ಕೂ ಮುಂಚೆ ಕಂಪನಿಯ ಮುಚ್ಚಿದ ಬ್ಲಾಬೇ (ಸೋರ್ಸ್ ಇಲ್ಲದ ಬರೀ ಬೈನರಿ) ಗತಿ ಆಗಿತ್ತು, ಅದು ಒಂದು ಕರ್ನಲ್ ವರ್ಷನ್ನಿಗೆ ಅಂಟ್ಕೊಂಡ್ರೆ ಅಲ್ಲಿಂದ ಮೇಲಕ್ಕೆ ಹೋಗೋಕೆ ಬಿಡ್ತಿರ್ಲಿಲ್ಲ.

ಆರ್ಮ್ ಅಂದ್ರೆ ಯಾವಾಗ್ಲೂ ಹೀಗೇನಾ ಅಂದ್ರೆ ಅಲ್ಲ. ಆರ್ಮ್ ಸರ್ವರುಗಳಲ್ಲಿ ಯುಇಎಫ್‌ಐ ಮತ್ತು ಎಸಿಪಿಐ ಇರತ್ತೆ, 2015ರ 4.1 ಕರ್ನಲ್‌ನಿಂದ ಅದಕ್ಕೆ ಬೆಂಬಲ ಇದೆ, ಆರ್ಮ್ ಕಂಪನಿಯವರ ಸಿಸ್ಟಂರೆಡಿ ಅನ್ನೋ ಸರ್ಟಿಫಿಕೇಟ್ ಪದ್ಧತಿ ಇದೆ, ಅಂಥ ಮಷಿನ್ನಿಗೆ ಪಿಸಿ ಥರಾನೇ ಸಾಮಾನ್ಯ ಇನ್‌ಸ್ಟಾಲರ್ ಹಾಕಿದ್ರೆ ಆಯ್ತು. ಇನ್ನೊಂದು ತುದೀಲಿ ಆಪಲ್‌ನ ಎಂ1 ಇದೆ, ಅಲ್ಲಿ ಇಂಟರಪ್ಟ್ ಕಂಟ್ರೋಲರ್ (ಸಾಧನಗಳ ಕರೆಯನ್ನ ಸಿಪಿಯುಗೆ ಮುಟ್ಟಿಸೋ ಭಾಗ) ಸಹ ಎಲ್ಲರೂ ಬಳಸೋ ಜಿಐಸಿ ಅಲ್ಲ, ಆಪಲ್‌ನದೇ ಬೇರೆ. ಆಪಲ್ ಮಷಿನ್ನಿಗೆ ಲಿನಕ್ಸ್ ತರೋ ಅಸಾಹಿ ತಂಡದವರು ಒಂದೊಂದು ಭಾಗಾನೂ ತಾವೇ ಪತ್ತೆ ಹಚ್ಚಿ ಬರೀಬೇಕಾಯ್ತು, 2021ರ 5.13 ಕರ್ನಲ್‌ಗೆ ಮೊದಲ ಬೆಂಬಲ ಸೇರ್ತು.

ಇನ್ನು ನೀವೇನು ಮಾಡ್ಬೋದು. ಎಲ್ಲಕ್ಕಿಂತ ಮೊದ್ಲು ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಒಂದು ತಗೊಳ್ಳಿ, 3.3 ವೋಲ್ಟಿಂದು, 5 ವೋಲ್ಟಿಂದು ಬೇಡ, ಅದು ಚಿಪ್ಪಿನ ಪಿನ್ ಸುಡಬಹುದು. ಬೋರ್ಡ್ ಮೇಲೆ ನಾಲ್ಕು ಸಣ್ಣ ತೂತು ಸಾಲಾಗಿ ಇರತ್ತೆ, ಗ್ರೌಂಡ್, ಟಿಎಕ್ಸ್ (ಕಳಿಸೋದು), ಆರ್‌ಎಕ್ಸ್ (ಪಡೆಯೋದು) ಮೂರೇ ಸೇರಿಸಿ, ವಿಸಿಸಿ (ಕರೆಂಟ್ ಪಿನ್) ಮುಟ್ಬೇಡಿ, ಟಿಎಕ್ಸ್ ಹೋಗಿ ಆರ್‌ಎಕ್ಸ್‌ಗೆ ಸೇರ್ಬೇಕು. ನಿಮ್ಮದಕ್ಕೆ ವೇಗ ಸೆಕೆಂಡಿಗೆ 1,15,200 ಬಿಟ್. ಮುಂದೆ ಯಾವತ್ತಾದ್ರೂ ರಾಕ್‌ಚಿಪ್ ಬೋರ್ಡ್ ಹಿಡ್ಕೊಂಡ್ರೆ ಅಲ್ಲಿ ಸಾಮಾನ್ಯವಾಗಿ 15,00,000 ಇರತ್ತೆ, ಅಗ್ಗದ ಕೆಲವು ಅಡಾಪ್ಟರುಗಳಿಗೆ ಆ ವೇಗ ಬರಲ್ಲ, ಜನ ಕಸ ಅಕ್ಷರ ನೋಡಿ ಬೋರ್ಡೇ ಹೋಯ್ತು ಅಂತ ಗಾಬರಿ ಆಗ್ತಾರೆ. ಸೀರಿಯಲ್ ಇಲ್ಲದೆ ಈ ಕೆಲಸಕ್ಕೆ ಇಳೀಬೇಡಿ ಅನ್ನೋದು ನನ್ನ ಖಡಾಖಂಡಿತ ಮಾತು, ಟಿವಿ ಕಪ್ಪಗಿದ್ರೆ ನಿಮಗೆ ಏನೂ ಗೊತ್ತಾಗಲ್ಲ, ಸೀರಿಯಲ್ ಇದ್ರೆ ಎಲ್ಲಿ ನಿಂತಿದೆ ಅಂತ ಸಾಲು ಸಮೇತ ಕಾಣತ್ತೆ.

ಆಮೇಲೆ ಸುರಕ್ಷಿತ ದಾರಿ ಅಂದ್ರೆ ಕಾರ್ಡಿಂದಲೇ ಓಡಿಸೋದು, ವೈಫೈ ಮರೆತು ಈಥರ್ನೆಟ್ ತಂತಿ ಹಾಕೋದು. ಫೈಲ್ ಸರ್ವರ್ ತಾನೇ, 100 ಎಂಬಿಪಿಎಸ್ ತಂತಿ ಕುಂಟೋ ವೈಫೈಗಿಂತ ವಾಸಿ. ಬೇರೆ ಬೇರೆ ಡಿಟಿಬಿ ಫೈಲ್ ಹಾಕಿ ನೋಡಿ, ಇದ್ರಲ್ಲಿ ಬಾಕ್ಸ್ ಸಾಯೋ ಭಯ ಬಹಳ ಕಮ್ಮಿ, ಕಾರ್ಡ್ ತೆಗೆದ್ರೆ ಆಂಡ್ರಾಯ್ಡ್ ಅಲ್ಲೇ ಇರತ್ತೆ. ಒಂದೇ ಎಚ್ಚರ, ಬೇರೆ ಚಿಪ್ಪಿನ ಡಿಟಿಬಿ ಹಾಕ್ಬೇಡಿ, ಮತ್ತೆ ಡಿಟಿಬಿಲಿ ರೆಗ್ಯುಲೇಟರ್ ವೋಲ್ಟೇಜ್ ಸಾಲುಗಳನ್ನ ಅರ್ಥ ಆಗದೆ ತಿದ್ದಬೇಡಿ. 1.8 ವೋಲ್ಟ್ ಬೇಕಾದ ಕಡೆ 3.3 ಹೋದ್ರೆ ಅದು ಸಾಫ್ಟ್‌ವೇರ್ ತಪ್ಪಾಗಿ ಉಳಿಯಲ್ಲ, ಚಿಪ್ಪೇ ಸುಡತ್ತೆ.

ನಿಮಗೆ ಆಸಕ್ತಿ ಇದ್ರೆ ನಿಮ್ಮ ಬಾಕ್ಸಿನದೇ ನಕ್ಷೆ ಬರೀಬಹುದು. ಆಂಡ್ರಾಯ್ಡಲ್ಲಿ ರೂಟ್ (ಪೂರ್ತಿ ಅಧಿಕಾರ) ಸಿಕ್ಕಿದ್ರೆ ಪ್ರಾಕ್ ಅನ್ನೋ ಸಿಸ್ಟಂ ಫೋಲ್ಡರ್ ಕೆಳಗಿರೋ ಡಿವೈಸ್ ಟ್ರೀ ಫೋಲ್ಡರ್ ಕಾಪಿ ಮಾಡ್ಕೊಂಡು ಡಿಟಿಸಿ ಅನ್ನೋ ಟೂಲಿಂದ ಓದೋ ಹಾಗೆ ಮಾಡ್ಕೊಳ್ಳಿ, ಪಿ212 ಫೈಲ್ ಪಕ್ಕ ಇಟ್ಟು ಹೋಲಿಸಿ. ಅದನ್ನ ಹಾಗೇ ಎತ್ತಿ ಹೊಸ ಕರ್ನಲ್‌ಗೆ ಕೊಟ್ರೆ ಓಡಲ್ಲ, ಕಂಪನಿಯವರ ಹಳೇ ಬೈಂಡಿಂಗ್ (ನಕ್ಷೆ ಬರೆಯೋ ನಿಯಮ) ಹೆಸರುಗಳೇ ಬೇರೆ, ಮೇನ್‌ಲೈನಿಂದೇ ಬೇರೆ. ನಿಮಗೆ ಬೇಕಾಗಿರೋದು ಅದ್ರೊಳಗಿನ ಮಾಹಿತಿ: ವೈಫೈ ರಿಸೆಟ್ ಯಾವ ಜಿಪಿಐಓ, ಕಾದಿರಿಸಿದ ಮೆಮೊರಿ ಎಲ್ಲಿ, ಇಷ್ಟೇ. ಅಷ್ಟನ್ನ ಪಿ212 ನಕಲಿಗೆ ಸೇರಿಸಿ ಬೂಟ್ ಮಾಡಿ. ಓಡಿದ್ರೆ ದಯವಿಟ್ಟು ಮೇನ್‌ಲೈನಿಗೆ ಕಳಿಸಿ, ನಿಮ್ಮಂಥ ಇನ್ನೊಬ್ಬರಿಗೆ ಒಂದು ವಾರ ಉಳಿಯತ್ತೆ.

ಇಎಂಎಂಸಿಗೆ ಬರೆಯೋದು ಕೊನೇ ಹೆಜ್ಜೆ, ಕಾರ್ಡಿಂದ ಎರಡು ವಾರ ಫ್ರೀಜ್ ಇಲ್ಲದೆ ಓಡಿದ್ ಮೇಲೆ ಮಾತ್ರ. ಮೊದ್ಲು ಪೂರ್ತಿ 16 ಜಿಬಿ, ಜೊತೆಗೆ ಬೂಟ್0 ಮತ್ತು ಬೂಟ್1 ಅನ್ನೋ ಎರಡು ಪುಟ್ಟ ಪಾರ್ಟಿಷನ್, ಎಲ್ಲಾ ಡಿಡಿ ಅನ್ನೋ ಕಾಪಿ ಕಮ್ಯಾಂಡ್ ಹಾಕಿ ಬೇರೆ ಡಿಸ್ಕಿಗೆ ಬ್ಯಾಕಪ್ ತಗೊಳ್ಳಿ. ಆಮೇಲೆ ಇದನ್ನ ಗಮನವಿಟ್ಟು ಓದಿ: ಜಿಪಿಟಿ ಪಾರ್ಟಿಷನ್ ಟೇಬಲ್ ಬರೆಯೋದು ಡಿಸ್ಕಿನ 1ನೇ ಸೆಕ್ಟರಿಂದ, ಅಮ್ಲಾಜಿಕ್ ಬೂಟ್‌ಲೋಡರ್ ಶುರುವಾಗೋದೂ ಅದೇ 1ನೇ ಸೆಕ್ಟರಿಂದ (ಮೇಲೆ ಹೇಳಿದ 512ನೇ ಬೈಟ್). ಅಭ್ಯಾಸಬಲದಿಂದ ಇಎಂಎಂಸಿಗೆ ಜಿಪಿಟಿ ಹಾಕಿದ್ರೆ ಅದೇ ಕ್ಷಣ ಬೂಟ್‌ಲೋಡರ್ ಹೋಯ್ತು. ಹೋದ್ರೂ ಪೂರ್ತಿ ಸತ್ತ ಹಾಗಲ್ಲ, ಯುಎಸ್‌ಬಿ ಕೇಬಲಲ್ಲಿ ಮತ್ತೆ ಬರೆಯೋ ದಾರಿ ಬೂಟ್ ರೋಮಲ್ಲೇ ಇದೆ, ಆದ್ರೆ ಅದಕ್ಕೆ ನಿಮ್ಮ ಬೋರ್ಡಿನ ರ್ಯಾಮ್ ಚಿಪ್ಪಿಗೆ ಹೊಂದೋ ಮೂಲ ಫರ್ಮ್‌ವೇರ್ ಬೇಕು, ಹೆಸರಿಲ್ಲದ ಬಾಕ್ಸುಗಳಿಗೆ ಅದು ಎಷ್ಟೋ ಸಲ ಎಲ್ಲೂ ಸಿಗಲ್ಲ. ಬ್ಯಾಕಪ್ ತಗೊಳ್ಳಿ ಅಂತ ಒತ್ತಿ ಹೇಳ್ತಿರೋದು ಅದಕ್ಕೇ.

ಫೋನ್ ಬಗ್ಗೆ: ಬೂಟ್‌ಲೋಡರ್ ಅನ್‌ಲಾಕ್ ಆಗಲ್ಲ ಅಂದ್ರೆ ಅಲ್ಲಿಗೇ ಬಿಟ್ಬಿಡಿ. ಆಗತ್ತೆ ಅಂದ್ರೆ ಪೋಸ್ಟ್‌ಮಾರ್ಕೆಟ್‌ಓಎಸ್ ಅನ್ನೋ ಯೋಜನೆ 2017ರಿಂದ ಇದೇ ಕೆಲಸ ಮಾಡ್ತಿದೆ, ಅವರ ಪಟ್ಟೀಲಿ ನಿಮ್ಮ ಮಾಡೆಲ್ ಇದ್ಯಾ, ಇದ್ರೆ ಮೇನ್‌ಲೈನ್ ಕರ್ನಲ್ಲೋ ಕಂಪನಿಯ ಹಳೇ ಕರ್ನಲ್ಲೋ ನೋಡಿ. ಪಟ್ಟೀಲಿಲ್ಲದ ಫೋನಿಗೆ ಮೊದಲ ಸಲಕ್ಕೇ ಕೈ ಹಾಕ್ಬೇಡಿ, ಡಿಸ್‌ಪ್ಲೇ ಪ್ಯಾನೆಲ್ ಎಬ್ಬಿಸೋದೇ ತಿಂಗಳ ಕೆಲಸ.

ಇನ್ನೊಂದು ಮಾತು. ಈ ಸರ್ವರಲ್ಲಿ ಮನೆಯವರ ಫೋಟೋ, ದಾಖಲೆ ಥರ ಕಳ್ಕೊಳ್ಳೋಕಾಗದ ಫೈಲ್ ಇಡೋದಾದ್ರೆ ಈ ಬಾಕ್ಸ್ ಬೇಡ, ನಿಮ್ಮ ಪೈ 4ನ್ನೇ ಸರ್ವರ್ ಮಾಡಿ, ಬಾಕ್ಸನ್ನ ಕಲಿಯೋಕೆ ಇಟ್ಕೊಳ್ಳಿ. ಸೀರಿಯಲ್ ಲಾಗ್ ಸಿಕ್ಕಿದ್ ಮೇಲೆ ಮೊದಲ ಸಾಲಿಂದ ಕೊನೆ ಸಾಲಿನ ತನಕ ಕತ್ತರಿಸದೆ ಕಳಿಸಿ, ಜೊತೆಗೆ ವೈಫೈ ಚಿಪ್ ಮೇಲಿನ ಅಕ್ಷರ ಕಾಣೋ ಹಾಗೆ ಒಂದು ಫೋಟೋ. ಕಾದಿರಿಸಿದ ಮೆಮೊರಿ ಸಾಲು ಎಲ್ಲಿ ತಪ್ಪಿದೆ ಅಂತ ಜೊತೇಲೇ ನೋಡೋಣ.